ನಮ್ಮ ಬಿಸಿಲಿಗೆ ಎಫ್/8 ಸಾಕೇ? ಕ್ಯಾನನ್ ಆರ್10 ಮತ್ತು ಆರ್‌ಎಫ್ 100-400: ಏಳು ತಿಂಗಳ ಬಳಕೆಯ ನಂತರ

ಕಳೆದ ದೀಪಾವಳಿಯ ಹೊತ್ತಿಗೆ ನಾನು ಕ್ಯಾನನ್ ಇಒಎಸ್ ಆರ್10 ಕ್ಯಾಮೆರಾವನ್ನು ಆರ್‌ಎಫ್-ಎಸ್ 18-150 ಲೆನ್ಸಿನೊಂದಿಗೆ ಕೊಂಡೆ. ಜೊತೆಗೆ ಹಕ್ಕಿಗಳಿಗೆಂದು ಆರ್‌ಎಫ್ 100-400 ಲೆನ್ಸನ್ನೂ ತೆಗೆದುಕೊಂಡೆ. ಹತ್ತು ವರ್ಷಕ್ಕೂ ಮೇಲೆ ಬಳಸಿದ 700ಡಿ ಕ್ಯಾಮೆರಾದಲ್ಲಿ ಫೋಕಸ್ ಬಿಂದುಗಳು ಒಂಬತ್ತೇ ಇದ್ದವು, ಹಾರುವ ಹಕ್ಕಿಯನ್ನು ಆ ಒಂಬತ್ತರೊಳಗೆ ಹಿಡಿದಿಡುವ ಸಾಹಸ ಸಾಕೆನಿಸಿತ್ತು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಏಳು ತಿಂಗಳು ಈ ಸಲಕರಣೆಯನ್ನು ಹೊತ್ತು ತಿರುಗಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಇದೇ ಜೋಡಿಯನ್ನು ಕೊಳ್ಳಬೇಕೆಂದಿರುವವರು ಹಲವರು ನನ್ನನ್ನು ಕೇಳಿದ್ದಾರೆ, ಅವರೆಲ್ಲರ ಪ್ರಶ್ನೆಯೂ ಒಂದೇ: 400 ಮಿ.ಮೀ.ಗೆ ಹೋದಾಗ 100-400 ಲೆನ್ಸಿನ ಗರಿಷ್ಠ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/8 ಮಾತ್ರವಲ್ಲವೇ, ಅದು ಸಾಕಾಗುತ್ತದೆಯೇ? ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಬೆಳಕು ಕಡಿಮೆ.

ಎಫ್/8 ಎಂದರೆ ಕತ್ತಲ ಲೆನ್ಸು, ಅದನ್ನು ಮುಟ್ಟಲೇಬಾರದು ಎಂದು ಹೇಳುವವರಲ್ಲಿ ಹೆಚ್ಚಿನವರು ಮಲೆನಾಡಿನ ಅಥವಾ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಚಿತ್ರ ತೆಗೆಯುವವರು. ಮರದ ನೆರಳಿನಲ್ಲಿ, ಮೋಡ ಕವಿದ ಮುಂಜಾನೆಯಲ್ಲಿ ಅವರ ಮಾತು ಅಕ್ಷರಶಃ ನಿಜ. ನಮ್ಮದು ಬಯಲು. ಇಲ್ಲಿ ಸೂರ್ಯ ಮೂಡಿ ಒಂದು ಗಂಟೆಯೊಳಗೆ ಬೆಳಕಿಗೆ ಬರವಿರುವುದಿಲ್ಲ. ಫಿಲ್ಮ್ ಕಾಲದಿಂದ ಬಂದ ಒಂದು ಸರಳ ಲೆಕ್ಕವಿದೆ: ಬಿಚ್ಚು ಬಿಸಿಲಿನಲ್ಲಿ ಎಫ್/16 ಇಟ್ಟರೆ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ) 100ಕ್ಕೆ ಶಟರ್ ವೇಗ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಿಗುತ್ತದೆ. ಎಫ್/16ರಿಂದ ಎಫ್/8ಕ್ಕೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು. ಆಗ 1/400 ಸಿಗುತ್ತದೆ. ಐಎಸ್‌ಒವನ್ನು 400ಕ್ಕೆ ಏರಿಸಿದರೆ 1/1600. ಹಾರುವ ಕೊಕ್ಕರೆಗೆ ಅಷ್ಟು ವೇಗ ಧಾರಾಳವಾಯಿತು, ಐಎಸ್‌ಒ 400ರಲ್ಲಿ ಈ ಕ್ಯಾಮೆರಾದ ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕೆಗಳು, ಹುಡುಕಿದರೂ ಕಾಣದು. ಕೊಳ್ಳುವ ಮೊದಲು ಕಾಗದದ ಮೇಲೆ ಮಾಡಿದ ಈ ಲೆಕ್ಕವನ್ನು ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯ ದಂಡೆಯಲ್ಲಿ ನಿಂತು ಪರೀಕ್ಷಿಸಿದೆ.

ಸುರಪುರ ತಾಲ್ಲೂಕಿನ ಬೋನಾಳಕ್ಕೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹಿಂದಿನ ರಾತ್ರಿ ಸುರಪುರದಲ್ಲಿ ಉಳಿದು, ಇನ್ನೂ ನಸುಕಿರುವಾಗಲೇ ಕೆರೆ ಏರಿ ಮೇಲೆ ಹೋಗಿ ಕುಳಿತೆವು. ಮೊದಲ ಅರ್ಧ ಗಂಟೆ ಲೆನ್ಸು ನನಗೆ ನಿರಾಸೆಯನ್ನೇ ತಂದಿತು. ಸೂರ್ಯ ಮೂಡುವ ಮುನ್ನ ಹೆಬ್ಬಾತುಗಳು ಸಾಲುಗಟ್ಟಿ ಎದ್ದಾಗ 1/1000 ವೇಗಕ್ಕೆ ಐಎಸ್‌ಒ 12800 ಬೇಕಾಯಿತು. ಚಿತ್ರ ಬಂತು, ಆದರೆ ಕುತ್ತಿಗೆಯ ಗರಿಗಳ ನವುರು ಹೋಗಿ ಮೆತ್ತಿದ ಬಣ್ಣವಷ್ಟೇ ಉಳಿಯಿತು. ಬಿಸಿಲು ನೀರಿನ ಮೇಲೆ ಬಿದ್ದ ಮೇಲೆ ಇದೇ ಲೆನ್ಸು ಬೇರೆಯೇ ಆಗಿಬಿಟ್ಟಿತು. ಎಂಟು ಗಂಟೆಯ ಸುಮಾರಿಗೆ ಏರಿಯ ಹತ್ತಿರಕ್ಕೆ ಬಂದ ಒಂದು ಹೆಬ್ಬಾತಿನ ಚಿತ್ರದಲ್ಲಿ, ಅದರ ಬಿಳಿಯ ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟೆಗಳ ಅಂಚಿನಲ್ಲಿ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಾಣುತ್ತದೆ, ಕೊಕ್ಕಿನ ತುದಿಯಿಂದ ಜಾರಲಿದ್ದ ನೀರಹನಿಯೂ ಸ್ಪಷ್ಟವಾಗಿದೆ. ಆರ್10ರ ಸೆನ್ಸರ್ ಫುಲ್‌ಫ್ರೇಮ್‌ಗಿಂತ (ಹಳೆಯ 35 ಮಿ.ಮೀ. ಫಿಲ್ಮಿನ ಅಳತೆ) ಚಿಕ್ಕದಾದ ಎಪಿಎಸ್-ಸಿ ಅಳತೆಯದಾದ್ದರಿಂದ ಲೆನ್ಸಿನ ಫೋಕಲ್ ಲೆಂತನ್ನು 1.6ರಿಂದ ಗುಣಿಸಿಕೊಳ್ಳಬೇಕು, 400 ಮಿ.ಮೀ. ಎಂಬುದು ಫುಲ್‌ಫ್ರೇಮ್ ಲೆಕ್ಕದಲ್ಲಿ 640 ಮಿ.ಮೀ.ಗೆ ಸಮ. ಅಷ್ಟು ದೂರ ತಲುಪುವ ಲೆನ್ಸಿನ ತೂಕ 635 ಗ್ರಾಂ, ಕ್ಯಾಮೆರಾದ ತೂಕ ಬ್ಯಾಟರಿ ಮತ್ತು ಕಾರ್ಡ್ ಸೇರಿ 429 ಗ್ರಾಂ. ಎರಡೂ ಕೂಡಿದರೆ ಒಂದು ಕಿಲೋಗಿಂತ ತುಸು ಹೆಚ್ಚು. ಏರಿಯುದ್ದಕ್ಕೂ ಎರಡು ತಾಸು ಕೈಯಲ್ಲೇ ಹಿಡಿದು ನಡೆದೆ, ಟ್ರೈಪಾಡ್ ಕಾರಿನಲ್ಲೇ ಉಳಿಯಿತು.

ಫೋಕಸ್ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆಯೇ. ಹಕ್ಕಿಯ ಕಣ್ಣನ್ನು ಕ್ಯಾಮೆರಾ ತಾನೇ ಹುಡುಕಿ ಹಿಡಿಯುತ್ತದೆ, ಹಕ್ಕಿ ತಿರುಗಿದರೂ ಬಿಡುವುದಿಲ್ಲ. ಮುಂದೆ ಆಪು ಹುಲ್ಲು ಅಡ್ಡ ಬಂದಾಗ ಮಾತ್ರ ಕೆಲವೊಮ್ಮೆ ಹುಲ್ಲಿಗೆ ಹೋಗಿ ಕೂರುತ್ತದೆ. ಆಗ ಒಂದೇ ಬಿಂದುವಿನ ಫೋಕಸ್‌ಗೆ ಬದಲಿಸಿಕೊಳ್ಳಬೇಕು, ಅದನ್ನು ಒಂದು ಗುಂಡಿಗೆ ನಿಗದಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮೆಕ್ಯಾನಿಕಲ್ ಶಟರಿನಲ್ಲಿ ಸೆಕೆಂಡಿಗೆ 15 ಚಿತ್ರ ತೆಗೆಯಬಹುದು, ಎಲೆಕ್ಟ್ರಾನಿಕ್ ಶಟರಿನಲ್ಲಿ 23. ಎರಡನೆಯದು ಸದ್ದಿಲ್ಲದೆ ಕೆಲಸ ಮಾಡುತ್ತದಾದರೂ ಸೆನ್ಸರನ್ನು ಸಾಲುಸಾಲಾಗಿ ಓದುವ ವೇಗ ಕಡಿಮೆಯಿರುವುದರಿಂದ ರೆಕ್ಕೆ ಬಡಿಯುವ ಹಕ್ಕಿಯ ರೆಕ್ಕೆಗಳು ಬಾಗಿ ಸೊಟ್ಟಗೆ ಮೂಡುತ್ತವೆ. ಹಾರಾಟಕ್ಕೆ ಮೆಕ್ಯಾನಿಕಲ್ ಒಂದೇ ಸರಿ. ರಾ ಫೈಲಿನಲ್ಲಿ (ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ದೊಡ್ಡ ಕಡತ) ತೆಗೆಯುವವರು ಇನ್ನೊಂದನ್ನು ತಿಳಿದಿರಬೇಕು: ಬೆರಳು ಒತ್ತಿಯೇ ಹಿಡಿದರೆ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಕಾರ್ಡಿಗೆ ಬರೆಯುವವರೆಗೆ ಚಿತ್ರಗಳನ್ನು ಹಿಡಿದಿಡುವ ಬಫರ್ ತುಂಬಿ ಕ್ಯಾಮೆರಾ ನಿಧಾನವಾಗುತ್ತದೆ. ಕಾರ್ಡಿನ ಗೂಡು ಒಂದೇ ಇದೆ, ಆದ್ದರಿಂದ ಕಾರ್ಡಿನಲ್ಲಿ ದುಡ್ಡು ಉಳಿಸಲು ಹೋಗದೆ ವೇಗದ ಯುಎಚ್‌ಎಸ್-2 ಕಾರ್ಡನ್ನೇ ಹಾಕಿ.

ಹಕ್ಕಿಗಳಿಗೆಂದು ಕೊಂಡ ಲೆನ್ಸು ಬೀದರಿನಲ್ಲಿ ನಾನು ಎಣಿಸಿರದ ಕೆಲಸಕ್ಕೆ ಬಂತು. ಹಳೆಯ ಊರಿನ ಓಣಿಯೊಂದರಲ್ಲಿ ಬಿದರಿ ಕೆಲಸ ಮಾಡುವ ಹಿರಿಯರೊಬ್ಬರ ಕಾರ್ಖಾನೆಗೆ ಹೋಗಿದ್ದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಅವರು ಬೆಳ್ಳಿಯ ತಂತಿಯನ್ನು ಕೂರಿಸುತ್ತಿದ್ದರು. ಹತ್ತಿರ ಹೋಗಿ ಬಗ್ಗಿ ನಿಂತರೆ ಅವರ ಕೈಗೆ ಅಡ್ಡಿ, ನನ್ನ ನೆರಳೂ ಅಡ್ಡಿ. 100-400 ಲೆನ್ಸಿನ ವಿಶೇಷವೆಂದರೆ 400 ಮಿ.ಮೀ.ನಲ್ಲಿ ಅದು ವಸ್ತುವಿನ ನಿಜ ಗಾತ್ರದ 0.41ರಷ್ಟು ದೊಡ್ಡ ಬಿಂಬವನ್ನು ಸೆನ್ಸರಿನ ಮೇಲೆ ಮೂಡಿಸಬಲ್ಲದು. ಸೆನ್ಸರಿನ ಅಗಲ 22.3 ಮಿ.ಮೀ. ಆದ್ದರಿಂದ ಸುಮಾರು ಐದೂವರೆ ಸೆಂಟಿಮೀಟರ್ ಅಗಲದ ಭಾಗ ಇಡೀ ಚೌಕಟ್ಟನ್ನು ತುಂಬುತ್ತದೆ, ಅದೂ ಒಂದು ಮೀಟರಿನಷ್ಟು ದೂರ ಕುಳಿತು. ಉಳಿಯ ತುದಿ, ಅದು ಕೊರೆದ ಗೆರೆ, ಗೆರೆಯೊಳಗೆ ಅರ್ಧ ಇಳಿದ ಬೆಳ್ಳಿಯ ತಂತಿ, ತಂತಿಯನ್ನು ಒತ್ತಿ ಹಿಡಿದ ಹೆಬ್ಬೆರಳಿನ ಸೀಳಿದ ಉಗುರು — ಇಷ್ಟೂ ಒಂದೇ ಚಿತ್ರದಲ್ಲಿ ಬಂದವು. ಬಾಗಿಲ ಬಳಿ ಬಿಸಿಲಿನ ಬೆಳಕಿದ್ದುದರಿಂದ ಎಫ್/8 ಇಲ್ಲಿಯೂ ತೊಂದರೆ ಕೊಡಲಿಲ್ಲ. ಇಷ್ಟು ಹತ್ತಿರದ ಚಿತ್ರಕ್ಕೆ ಆಳದ ಸ್ಪಷ್ಟತೆ ಬೇಕೇ ಬೇಕು. ಅಪರ್ಚರ್ ಇನ್ನೂ ದೊಡ್ಡದಿದ್ದರೂ ನಾನು ಎಫ್/8ಕ್ಕೇ ಇಳಿಸುತ್ತಿದ್ದೆ.

ಮುಗಿದ ಹೂಜಿಯ ಚಿತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಅವರಿಗೆ ತೋರಿಸಿದೆ. ನೋಡಿದವರೇ, "ಬೆಳ್ಳಿ ಛಲೋ ಬಂದದ ಸರ್, ಕಪ್ಪು ಬಂದಿಲ್ಲ. ಬೂದಿ ಬಣ್ಣ ಆಗ್ಯಾದ" ಎಂದರು. ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಬರಿಸಿದ ಆ ಕಪ್ಪನ್ನು ಕಂಡ ಕ್ಯಾಮೆರಾದ ಮೀಟರ್, ದೃಶ್ಯದಲ್ಲಿ ಬೆಳಕೇ ಇಲ್ಲವೆಂದು ಭಾವಿಸಿ ಎಲ್ಲವನ್ನೂ ಬೆಳಗಿಸಿಬಿಡುತ್ತದೆ. ಎಕ್ಸ್‌ಪೋಶರನ್ನು ಒಂದೂಕಾಲು ಸ್ಟಾಪಿನಷ್ಟು ಇಳಿಸಿ ಮತ್ತೆ ತೆಗೆದೆ. "ಈಗ ಬಂತು ನೋಡ್ರಿ" ಎಂದರು. ಆರ್10ರಲ್ಲಿ ಹಿಂದುಮುಂದು ಎರಡು ಡಯಲ್‌ಗಳಿರುವುದರಿಂದ ಕಣ್ಣನ್ನು ವ್ಯೂಫೈಂಡರಿನಿಂದ ತೆಗೆಯದೆಯೇ ಇದನ್ನು ಮಾಡಬಹುದು. ಇದು ಒಳಗೆ ಕನ್ನಡಿಯಿಲ್ಲದ, ಸೆನ್ಸರ್ ಕಂಡದ್ದನ್ನೇ ವ್ಯೂಫೈಂಡರಿನಲ್ಲಿ ತೋರಿಸುವ ಮಿರರ್‌ಲೆಸ್ ಕ್ಯಾಮೆರಾ ಆದ್ದರಿಂದ ಕಪ್ಪು ಎಷ್ಟು ಇಳಿಯಿತೆಂಬುದು ಒತ್ತುವ ಮೊದಲೇ ಕಣ್ಣಿಗೆ ಕಾಣುತ್ತದೆ. ಬೋನಾಳದಲ್ಲಿ ಬೆಳ್ಳಕ್ಕಿಯ ಪಕ್ಕದಲ್ಲೇ ನೀರುಕಾಗೆ ಕುಳಿತಾಗಲೂ ಇದೇ ಅನುಕೂಲ ಕೈಹಿಡಿಯಿತು.

ಈ ಲೆನ್ಸು ಸೋಲುವ ಜಾಗವೂ ನಮ್ಮೂರಲ್ಲೇ ಇದೆ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರಲ್ಲಿ ಕಟ್ಟಿದ್ದು. ಸಾಮಾನ್ಯವಾಗಿ ಮಸೀದಿಗಳಿಗಿರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಛಾವಣಿ. ಬದಿಯ ಅಗಲವಾದ ಕಮಾನುಗಳಿಂದ ನುಗ್ಗುವ ಬೆಳಕು ಕಂಬಗಳ ನಡುವೆ ಹಾದು ಮಧ್ಯಕ್ಕೆ ಬರುವಷ್ಟರಲ್ಲಿ ತೀರ ತೆಳುವಾಗಿರುತ್ತದೆ. ದೂರದ ಕಮಾನುಗಳನ್ನು ಒಂದರೊಳಗೊಂದು ಅಡಕವಾಗಿ ತೋರಿಸಲು ಟೆಲಿಫೋಟೊವೇ ಬೇಕು, ಆದರೆ ಮಧ್ಯದಲ್ಲಿ ಯಾರಾದರೂ ನಡೆದು ಬಂದರೆ 100-400 ಲೆನ್ಸಿಗೆ ಅವರನ್ನು ನಿಲ್ಲಿಸಿ ಹಿಡಿಯುವ ಶಕ್ತಿಯಿಲ್ಲ. ಲೆನ್ಸಿನೊಳಗಿನ ಐಎಸ್ (ಇಮೇಜ್ ಸ್ಟೆಬಿಲೈಸೇಷನ್) ನಮ್ಮ ಕೈ ನಡುಕವನ್ನಷ್ಟೇ ತಡೆಯುತ್ತದೆ; ಎದುರಿನವರ ಚಲನೆಯನ್ನಲ್ಲ. ಕಲ್ಲು, ಗಾರೆ, ಕಮಾನುಗಳಷ್ಟೇ ಸಾಕೆನ್ನುವವರಿಗೆ 18-150 ಒಳ್ಳೆಯ ಸಂಗಾತಿ: 18 ಮಿ.ಮೀ.ನಲ್ಲಿ ಸೆಕೆಂಡಿನ ಎಂಟನೇ ಒಂದು ಭಾಗದ ವೇಗದಲ್ಲೂ ಉಸಿರು ಬಿಗಿಹಿಡಿದು ನಿಂತರೆ ಹತ್ತರಲ್ಲಿ ಏಳು ಚಿತ್ರ ಅಲುಗಾಡದೆ ಬಂದವು. ಮನುಷ್ಯರು ಬೇಕೆಂದರೆ ಆರ್‌ಎಫ್ 50 ಮಿ.ಮೀ. ಎಫ್/1.8 ಕೊಳ್ಳಿರಿ. 160 ಗ್ರಾಂ ತೂಕದ ಆ ಪುಟ್ಟ ಲೆನ್ಸನ್ನು ನಾನು ಸಂಕ್ರಾಂತಿಯ ನಂತರ ತೆಗೆದುಕೊಂಡೆ, ಮೊದಲೇ ತೆಗೆದುಕೊಳ್ಳಬೇಕಿತ್ತು. ಕ್ಯಾಮೆರಾದ ಒಳಗೆ ಸ್ಟೆಬಿಲೈಸೇಷನ್ ಇಲ್ಲ, ಆ ಲೆನ್ಸಿನಲ್ಲೂ ಇಲ್ಲ ಎಂಬುದನ್ನು ಮಾತ್ರ ನೆನಪಿಟ್ಟು ವೇಗವನ್ನು 1/125ಕ್ಕಿಂತ ಕೆಳಗೆ ಬಿಡಬೇಡಿ.

ಧೂಳಿನ ವಿಷಯವನ್ನು ಬೇರೆ ಊರಿನ ವಿಮರ್ಶೆಗಳಲ್ಲಿ ಯಾರೂ ಗಂಭೀರವಾಗಿ ಬರೆಯುವುದಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಹೊಲಗಳ ಬದಿಯಲ್ಲಿ ಹತ್ತು ನಿಮಿಷ ನಿಂತರೆ ಅಂಗಿಯ ಬಣ್ಣವೇ ಬದಲಾಗುತ್ತದೆ. ಈ ಕ್ಯಾಮೆರಾವಾಗಲಿ ಲೆನ್ಸಾಗಲಿ ಧೂಳು, ಮಳೆ ತಡೆಯುವ ಸೀಲಿಂಗ್ ಇರುವ ದರ್ಜೆಯದಲ್ಲ. ಮಿರರ್‌ಲೆಸ್‌ನಲ್ಲಿ ಸೆನ್ಸರಿನ ಮುಂದೆ ಕನ್ನಡಿಯ ಮರೆಯೂ ಇಲ್ಲದ್ದರಿಂದ ಹೊಲದಲ್ಲಿ ಲೆನ್ಸು ಬದಲಿಸಿದರೆ ಧೂಳಿನ ಕಣ ನೇರವಾಗಿ ಒಳಗೆ ಹೋಗುತ್ತದೆ, ಆಮೇಲೆ ಆಕಾಶದ ಚಿತ್ರಗಳಲ್ಲೆಲ್ಲ ಅದೇ ಜಾಗದಲ್ಲಿ ಅದೇ ಕಪ್ಪು ಚುಕ್ಕೆ. ನಾನು ಈಗ ಕಾರಿನ ಗಾಜು ಏರಿಸಿಕೊಂಡು, ಕ್ಯಾಮೆರಾವನ್ನು ಮುಖ ಕೆಳಗೆ ಮಾಡಿ ಹಿಡಿದು ಲೆನ್ಸು ಬದಲಿಸುತ್ತೇನೆ. ರಬ್ಬರಿನ ಬ್ಲೋವರ್ ಚೀಲದಲ್ಲಿ ಸದಾ ಇರುತ್ತದೆ. 100-400ರೊಂದಿಗೆ ಹುಡ್, ಅಂದರೆ ಲೆನ್ಸಿನ ಮುಂದೆ ಹಾಕುವ ಮರೆ, ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ನಮ್ಮ ಬಿಸಿಲಿಗೆ ಅದು ಬೇಕೇ ಬೇಕು, ಜಾಲಿ ಮುಳ್ಳು ಮುಂಗಾಜಿಗೆ ತಗಲುವುದನ್ನೂ ಅದೇ ತಪ್ಪಿಸುತ್ತದೆ.

ಮೇ ತಿಂಗಳ ಬಿಸಿಲಿನಲ್ಲಿ ಮತ್ತೊಂದು ಪಾಠವಾಯಿತು. ಬೀದರ್ ಬಳಿಯ ಹುಲ್ಲುಗಾವಲಿನಲ್ಲಿ ಬೆಳಗಿನ ಹತ್ತೂವರೆಗೆ ತೆಗೆದ ಕೃಷ್ಣಮೃಗದ ಚಿತ್ರಗಳೆಲ್ಲವೂ ಮಸುಕಾಗಿದ್ದವು. ಲೆನ್ಸಿನಲ್ಲೇ ದೋಷವಿದೆಯೆಂದು ಹೆದರಿ ಮನೆಗೆ ಬಂದು ಗೋಡೆಯ ಮೇಲಿನ ಕ್ಯಾಲೆಂಡರಿನ ಚಿತ್ರ ತೆಗೆದು ನೋಡಿದೆ. ಅಕ್ಷರಗಳು ಚೂಪಾಗಿಯೇ ಬಂದವು. ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಬೆಳಕು ಬಾಗಿ ನಡುಗುತ್ತದೆ, ದೂರ ಹೆಚ್ಚಿದಷ್ಟೂ ಆ ನಡುಕ ಹೆಚ್ಚು. ಎರಡು ಲಕ್ಷ ದಾಟುವ 100-500 ಲೆನ್ಸನ್ನು ಅಲ್ಲಿ ಇಟ್ಟಿದ್ದರೂ ಫಲ ಅದೇ. ಬೇಸಿಗೆಯಲ್ಲಿ ಎಂಟೂವರೆಯ ನಂತರ ದೂರದ ಪ್ರಾಣಿಗಳ ಆಸೆ ಬಿಟ್ಟು ಹತ್ತಿರದ ವಿಷಯಗಳನ್ನು ನೋಡುವುದೇ ಸರಿ.

ಕೊಳ್ಳುವಾಗಿನ ಅನುಭವವನ್ನೂ ಹೇಳಬೇಕು. ಮೊದಲು ಹೋದ ಅಂಗಡಿಯಲ್ಲಿ ಪಕ್ಕಾ ಬಿಲ್ ಬೇಡವೆಂದರೆ ಹತ್ತು ಸಾವಿರ ಕಡಿಮೆ ಮಾಡುತ್ತೇವೆಂದರು. ತಂದಿಟ್ಟ ಪೆಟ್ಟಿಗೆಯ ಸೀಲ್ ಮೊದಲೇ ಒಡೆದಿತ್ತು, ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರಿಗೂ ಕ್ಯಾಮೆರಾದ ತಳದಲ್ಲಿದ್ದ ನಂಬರಿಗೂ ತಾಳೆಯಾಗಲಿಲ್ಲ. ಕೇಳಿದ್ದಕ್ಕೆ "ಎಲ್ಲಾ ಒಂದೇ ಅದ ಸರ್" ಎಂಬ ಉತ್ತರ ಬಂತು. ಎದ್ದು ಬಂದೆ. ಬೇರೆ ಕಡೆ ಜಿಎಸ್‌ಟಿ ಸಮೇತ ಬಿಲ್ಲಿನಲ್ಲಿ ಕ್ಯಾಮೆರಾ ಮತ್ತು ಲೆನ್ಸುಗಳ ಸೀರಿಯಲ್ ನಂಬರುಗಳನ್ನು ಬರೆಸಿಕೊಂಡೇ ದುಡ್ಡು ಕೊಟ್ಟೆ. ವಾರಂಟಿ ಕೇಳುವ ದಿನ ಬಂದರೆ ಕೈಯಲ್ಲಿರುವುದು ಆ ಕಾಗದವೊಂದೇ.

ನನ್ನ ಜೊತೆ ಬೋನಾಳಕ್ಕೆ ಬಂದಿದ್ದ ಗೆಳೆಯರು ಹೊಸದರ ಬದಲು ನಿಕಾನ್ 200-500 ಎಫ್/5.6 ಲೆನ್ಸನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದಾರೆ. ಮೊದಲು ಅವರಿಗೆ ಸಿಕ್ಕಿದ್ದ ಲೆನ್ಸು ಕರಾವಳಿಯ ಕಡೆಯಿಂದ ಬಂದದ್ದು; ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಒಳಗಾಜಿನ ಅಂಚಿನಲ್ಲಿ ಜೇಡರ ಬಲೆಯಂತೆ ಫಂಗಸ್ ಹಬ್ಬಿತ್ತು, ಹಿಂದಿರುಗಿಸಿದರು. ನಮ್ಮ ಒಣ ಹವೆಯಲ್ಲಿ ಫಂಗಸ್ ಕಾಟ ಕಡಿಮೆ, ಆದ್ದರಿಂದಲೇ ಇಲ್ಲಿನವರಿಗೆ ಟಾರ್ಚ್ ಬಿಟ್ಟು ನೋಡುವ ರೂಢಿಯೂ ಇಲ್ಲ. ಈಗ ಅವರ ಬಳಿಯಿರುವ ಲೆನ್ಸು ನಿರ್ಮಲವಾಗಿದೆ, 500 ಮಿ.ಮೀ.ವರೆಗೂ ಎಫ್/5.6 ಉಳಿಸಿಕೊಳ್ಳುತ್ತದೆ, ನನ್ನ ಎಫ್/8ಕ್ಕೆ ಹೋಲಿಸಿದರೆ ಎರಡು ಪಟ್ಟು ಬೆಳಕು. ನಸುಕಿನ ಹೆಬ್ಬಾತುಗಳ ಚಿತ್ರ ಅವರದೇ ಚೆನ್ನಾಗಿ ಬಂದಿದೆ ಎಂದು ಒಪ್ಪುತ್ತೇನೆ. ಅದರ ತೂಕ 2.3 ಕಿಲೋ, ಟ್ರೈಪಾಡ್ ಇಟ್ಟ ಜಾಗದಿಂದ ಅವರು ಮೂರು ತಾಸು ಕದಲಲಿಲ್ಲ.

ನಸುಕಿನ ಬೆಳಕೇ ನಿಮ್ಮ ಮುಖ್ಯ ವಿಷಯವಾಗಿದ್ದರೆ, ಚಿಂಚೋಳಿಯ ಕಾಡಿನೊಳಗೆ ನೆರಳಿನಲ್ಲೇ ಓಡಾಡುವವರಾಗಿದ್ದರೆ, ಅವರ ದಾರಿಯೇ ಸರಿ. ಬಯಲಿನಲ್ಲಿ ನಡೆದಾಡುವವರು, ಅರವತ್ತು ಸಾವಿರದ ಆಸುಪಾಸಿನಲ್ಲಿ ಹಕ್ಕಿಯ ಕಣ್ಣಿನಿಂದ ಬಿದರಿಯ ತಂತಿಯವರೆಗೆ ಹಿಡಿಯಬಲ್ಲ ಒಂದೇ ಲೆನ್ಸು ಬೇಕೆನ್ನುವವರು 100-400 ಅನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಬರುವ ಚಳಿಗಾಲಕ್ಕೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಬೋನಾಳದಲ್ಲಿ ಸೂರ್ಯ ಮೂಡುವವರೆಗೆ ಅವರು ಏರಿಯ ಮೇಲೆ ಟ್ರೈಪಾಡ್ ಹೂಡಿ ಕೂರುತ್ತಾರೆ, ಬಿಸಿಲು ಬಿದ್ದ ಮೇಲೆ ನಾನು ಕೆರೆಯಂಗಳದ ಆಚೆ ಬದಿಗೆ ನಡೆದು ಹೋಗುತ್ತೇನೆ.