ಬಾಲಿಗೆ ಹೋಗುವವರು ‘ಪ್ರೈವೇಟ್ ಟೂರ್’ ಅಂತ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಎರಡು ವಾರ ಯಾರಿಗೂ ಹೇಳಿರಲಿಲ್ಲ. ನನ್ನ ತಂಗಿಗೂ ಹೇಳಿರಲಿಲ್ಲ. ಮೋಸ ಹೋದೆವು ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಗುತ್ತಿತ್ತು. ಆದರೆ ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಇನ್ನೊಂದು ಜೋಡಿ ಅದೇ ಏಜೆಂಟ್ ಹತ್ತಿರ ಬಾಲಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗಿ ಹತ್ತು ವರ್ಷ ಆಯಿತು ಅಂತ ಆಗಸ್ಟಿನಲ್ಲಿ ನಾನೂ ಇವರೂ ಬಾಲಿಗೆ ಹೋಗಿದ್ದೆವು. ವಿಮಾನ, ಹೋಟೆಲ್ ನಾವೇ ಬುಕ್ ಮಾಡಿದ್ದೆವು, ಅದರಲ್ಲಿ ಏನೂ ತೊಂದರೆ ಆಗಲಿಲ್ಲ. ನುಸಾ ಪೆನಿಡಾ ದ್ವೀಪದ ಒಂದು ದಿನದ ಟೂರ್ ಮಾತ್ರ ಬೆಂಗಳೂರಿನ ಒಬ್ಬ ಏಜೆಂಟ್ ಮೂಲಕ ಮಾಡಿಸಿದೆವು. ಇವರು ಬೇಡ ಅಂದಿದ್ದರು. ‘ಅಲ್ಲೇ ಹೋಟೆಲಿನಲ್ಲಿ ಕೇಳೋಣ’ ಅಂದಿದ್ದರು. ನಾನೇ ಹಟ ಮಾಡಿದೆ. ಕನ್ನಡದವನು, ಏನಾದರೂ ಆದರೆ ನಮ್ಮ ಭಾಷೆಯಲ್ಲಿ ಮಾತಾಡಬಹುದಲ್ವಾ ಅಂತ.

ಇಬ್ಬರಿಗೆ 17,000 ರೂಪಾಯಿ. ನಮ್ಮಿಬ್ಬರಿಗೇ ಕಾರು, ಹೋಗಿಬರುವ ದೋಣಿ, ಸ್ನಾರ್ಕಲಿಂಗ್ (ಮಾಸ್ಕ್ ಹಾಕಿಕೊಂಡು ಸಮುದ್ರದಲ್ಲಿ ತೇಲುತ್ತಾ ಮೀನು ನೋಡುವುದು), ವೆಜ್ ಊಟ, ಎಂಟ್ರಿ ಫೀಸ್ ಎಲ್ಲಾ ಸೇರಿ. ‘ಮೇಡಂ, ನೀವು ನೀರಿನ ಬಾಟಲಿಗೂ ಪರ್ಸ್ ತೆಗೆಯಂಗಿಲ್ಲ’ ಅಂತ ವಾಯ್ಸ್ ಮೆಸೇಜ್ ಕಳಿಸಿದ್ದ. ಎಲ್ಲಾ ವಾಯ್ಸ್ ಮೆಸೇಜೇ. ದುಡ್ಡು ಕಟ್ಟುವ ಮೊದಲು ಬರೆದು ಕಳಿಸಿದ್ದು ಒಂದೂ ಇಲ್ಲ. ಇದು ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಬೆಳಿಗ್ಗೆ ಐದಕ್ಕೆ ಎದ್ದು ಸಾನೂರ್ ಬಂದರಿಗೆ ಹೋದೆವು. ಅಲ್ಲಿಂದ ಸ್ಪೀಡ್ ಬೋಟಿನಲ್ಲಿ ಮುಕ್ಕಾಲು ಗಂಟೆ. ಪೆನಿಡಾದಲ್ಲಿ ಇಳಿದಾಗ ಒಬ್ಬ ಹುಡುಗ ನಮ್ಮ ಹೆಸರಿನ ಬೋರ್ಡ್ ಹಿಡಿದು ನಿಂತಿದ್ದ. ಅದೇ ಬೋರ್ಡಿನಲ್ಲಿ ಇನ್ನೂ ಎರಡು ಹೆಸರು. ಕಾರಿನಲ್ಲಿ ಆಗಲೇ ಪುಣೆಯ ಒಂದು ಜೋಡಿ ಕೂತಿದ್ದರು. ನಾನು ‘ಪ್ರೈವೇಟ್, ಪ್ರೈವೇಟ್’ ಅಂದೆ. ಅವನು ‘ಶೇರಿಂಗ್ ಮೇಡಂ’ ಅಂದ. ಏಜೆಂಟಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಅಲ್ಲಿ ಒಂಬತ್ತಾದರೆ ಬೆಂಗಳೂರಿನಲ್ಲಿ ಆರೂವರೆ. ಮಲಗಿರಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡೆ. ಮೆಸೇಜ್ ಹಾಕಿದೆ. ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ.

ಮೊದಲು ಸ್ನಾರ್ಕಲಿಂಗ್. ಅಲೆ ಜಾಸ್ತಿ ಇದೆ ಅಂತ, ಮಾಂಟಾ ಅನ್ನೋ ದೊಡ್ಡ ಮೀನುಗಳು ಕಾಣುವ ಮಾಂಟಾ ಪಾಯಿಂಟಿಗೆ ದೋಣಿ ಬಿಡಲಿಲ್ಲ. ಅದಕ್ಕೆ ನನ್ನ ತಕರಾರು ಇಲ್ಲ, ಸಮುದ್ರ ಯಾರ ಮಾತೂ ಕೇಳಲ್ಲ. ಬೇರೆ ಕಡೆ ಇಳಿಸಿದರು, ಮೀನು, ಹವಳ ಚೆನ್ನಾಗಿ ಕಂಡವು. ಆಮೇಲೆ ಕೆಲಿಂಗ್‌ಕಿಂಗ್. ಡೈನೋಸಾರ್ ತಲೆ ಬಗ್ಗಿಸಿ ನಿಂತ ಹಾಗೆ ಕಾಣುವ ಆ ಗುಡ್ಡ, ಕೆಳಗೆ ನೀಲಿ ನೀರು. ಅದನ್ನು ನೋಡಬೇಕು ಅಂತಲೇ ನಾನು ಹೊರಟಿದ್ದು. ‘ಇಪ್ಪತ್ತು ನಿಮಿಷ’ ಅಂದ ಹುಡುಗ. ಕೆಳಗಿನ ಬೀಚಿಗೆ ಇಳಿಯುವ ದಾರಿ ತುಂಬಾ ಕಡಿದು, ಇಳಿದು ಹತ್ತಲು ಅರ್ಧ ದಿನದ ಶಕ್ತಿ ಬೇಕು, ಅದು ಬಿಡಿ. ಮೇಲೆ ನಿಂತು ನೋಡಲಿಕ್ಕಾದರೂ ಟೈಮ್ ಬೇಡ್ವಾ? ಫೋಟೋ ತೆಗೆಯುವ ಸಾಲಿನಲ್ಲೇ ಹದಿನೈದು ನಿಮಿಷ ಹೋಯಿತು. ಒಂದು ಫೋಟೋ ತೆಗೆಸಿಕೊಂಡು ಓಡಿದೆವು. ಆ ಫೋಟೋ ಸ್ಟೇಟಸಿಗೆ ಹಾಕಿದೆ. ಅದು ನೆನಪಿರಲಿ, ಮುಂದೆ ಬರುತ್ತದೆ.

ವೆಜ್ ಊಟ ಅಂದರೆ ಬಿಳಿ ಅನ್ನ, ನಾಲ್ಕು ಹೋಳು ಸೌತೆಕಾಯಿ. ಮಿಕ್ಕಿದ್ದರಲ್ಲೆಲ್ಲ ಮೊಟ್ಟೆ, ಕೋಳಿ.

ಬ್ರೋಕನ್ ಬೀಚಿನಲ್ಲಿ ಬಂಡೆಯ ಕಮಾನು ನೋಡುತ್ತಾ ನಿಂತಿದ್ದಾಗ ಪುಣೆಯ ಹೆಂಗಸು ಮಾತಿಗೆ ಸಿಕ್ಕರು. ‘ನೀವೆಷ್ಟು ಕೊಟ್ಟಿರಿ?’ ಅಂದರು. ನಾನು ಹೇಳಿದೆ. ಅವರು ಗಂಡನ ಮುಖ ನೋಡಿದರು. ಅವರು ಕೊಟ್ಟಿದ್ದು ಇಬ್ಬರಿಗೆ 8,400. ಹೋಟೆಲಿನ ರಿಸೆಪ್ಷನ್‌ನಲ್ಲಿ ಹಿಂದಿನ ರಾತ್ರಿ ಬುಕ್ ಮಾಡಿದ್ದರಂತೆ. ಅದೇ ಕಾರು, ಅದೇ ದೋಣಿ, ಅದೇ ಅನ್ನ. ಇವರು ಪಕ್ಕದಲ್ಲೇ ಇದ್ದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ವಾಪಸ್ ದೋಣಿ ನಾಲ್ಕೂವರೆಗೆ. ನಾಲ್ಕೂ ಹತ್ತಕ್ಕೆ ಬಂದರಿನಲ್ಲಿ ಆ ಹುಡುಗ ಪುಣೆಯವರಿಗೆ ಟಿಕೆಟ್ ಕೊಟ್ಟ. ನಮ್ಮದು ಕೈಯಲ್ಲೇ ಇಟ್ಟುಕೊಂಡ. ‘ಸ್ನಾರ್ಕಲಿಂಗ್ ಬ್ಯಾಲೆನ್ಸ್, ಏಳು ಲಕ್ಷ’ ಅಂದ. ಏಳು ಲಕ್ಷ ರುಪಿಯಾ ಅಂದರೆ ನಮ್ಮ 3,700 ರೂಪಾಯಿ ಹತ್ತಿರ. ನಾನು ಜೋರು ಮಾಡಿದೆ, ಎಲ್ಲಾ ಕಟ್ಟಿದ್ದೇವೆ ಅಂದೆ. ಅವನು ತನ್ನ ಫೋನ್ ತೆಗೆದು ತೋರಿಸಿದ. ನಮ್ಮ ಏಜೆಂಟ್ ಅವನ ಯಜಮಾನನಿಗೆ ಕಳಿಸಿದ್ದ ಮೆಸೇಜ್. ಇಬ್ಬರು, ಶೇರಿಂಗ್ ಕಾರು, ಸ್ನಾರ್ಕಲಿಂಗ್ ಇಲ್ಲ. ದಿನಾಂಕ ನೋಡಿದೆ. ನಾವು ಪೂರ್ತಿ ದುಡ್ಡು ಕಟ್ಟಿದ ಮರುದಿನ.

ಅಂದರೆ ಬೆಂಗಳೂರಿನಲ್ಲಿ ಕೂತಾಗಲೇ ಎಲ್ಲಾ ಗೊತ್ತಿತ್ತು. ‘ಪ್ರೈವೇಟ್ ಕಾರು ಎಸಿ ಇರುತ್ತೆ ಮೇಡಂ’ ಅಂತ ನನಗೆ ಹೇಳುವಾಗಲೂ ಗೊತ್ತಿತ್ತು. ಕೈಕಾಲು ನಡುಗಿತು ನನಗೆ. ಆ ಹುಡುಗನೂ ಪಾಪ ತಲೆ ಬಗ್ಗಿಸಿ ನಿಂತಿದ್ದ, ಆದರೆ ಟಿಕೆಟ್ ಮಾತ್ರ ಬಿಡಲಿಲ್ಲ. ದೋಣಿ ಹೋದರೆ ರಾತ್ರಿ ಎಲ್ಲಿರುವುದು? ಇವರು ದುಡ್ಡು ಎಣಿಸಿ ಕೊಟ್ಟರು. ಆ ಮೆಸೇಜಿನ ಫೋಟೋ ತೆಗೆದುಕೊಂಡೆವು, ಸದ್ಯ.

ರಾತ್ರಿ ಏಜೆಂಟ್ ಫೋನ್ ಎತ್ತಿದ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

‘ಮೇಡಂ, ಪ್ರೈವೇಟ್ ಅಂದ್ರೆ ಪ್ರೈವೇಟ್ ಕಂಪನಿ ಕಾರು. ನಿಮ್ಮಿಬ್ಬರಿಗೇ ಅಂತ ನಾನೆಲ್ಲಿ ಹೇಳಿದ್ದೀನಿ?’ ಹೇಳಿದ್ದಾನೆ. ವಾಯ್ಸ್ ಮೆಸೇಜ್ ನನ್ನ ಹತ್ತಿರ ಇದೆ. ಅದನ್ನೇ ತಿರುಗಿ ಕಳಿಸಿದೆ. ‘ಅದೆಲ್ಲ ಸುಮ್ನೆ ವಿವರಿಸೋಕೆ ಹೇಳಿದ್ದು ಮೇಡಂ, ಪಿಡಿಎಫ್ ನೋಡಿ.’ ಪಿಡಿಎಫ್ ಬಂದಿದ್ದು ದುಡ್ಡು ಕಟ್ಟಿದ ಮೇಲೆ. ಅದರಲ್ಲಿ ಎಲ್ಲದರ ಕೆಳಗೆ ‘ಲಭ್ಯತೆಗೆ ಒಳಪಟ್ಟು’ ಅಂತ ಸಣ್ಣ ಅಕ್ಷರ.

ಹುಡುಗನ ಫೋನಿನ ಫೋಟೋ ಕಳಿಸಿದೆ. ಅರ್ಧ ಗಂಟೆ ಸುದ್ದಿಯಿಲ್ಲ. ಆಮೇಲೆ, ‘ಅದು ಹಳೇ ಬುಕಿಂಗ್ ಮೇಡಂ, ಅವರು ತಪ್ಪು ತೋರಿಸಿದ್ದಾರೆ.’ ನಮ್ಮ ಹೆಸರೇ ಇದೆ ಅದರಲ್ಲಿ! ನಮ್ಮ ಹೆಸರು!

ಕೊನೆಗೆ ಬಂದಿದ್ದು ಇದು: ‘ಮೇಡಂ, ನೀವು ಎಂಜಾಯ್ ಮಾಡಿದ್ದೀರಲ್ಲ. ಸ್ಟೇಟಸಲ್ಲಿ ಫೋಟೋ ನೋಡಿದೆ, ಎಷ್ಟು ಖುಷಿಯಾಗಿದ್ರಿ.’

ನನಗೆ ಅಳು ಬಂದಿದ್ದು ಆಗ. ಬೆಳಿಗ್ಗೆಯಿಂದ ನನ್ನ ಮೆಸೇಜಿಗೆ ಉತ್ತರ ಕೊಡದೆ ಸ್ಟೇಟಸ್ ನೋಡುತ್ತಾ ಇದ್ದ. ನಾನು ನಕ್ಕಿದ್ದನ್ನೇ ಸಾಕ್ಷಿ ಅಂತ ನನಗೇ ತೋರಿಸಿದ.

ವಾಪಸ್ ಕೊಡುತ್ತೇನೆ ಅಂದಿದ್ದು 1,000 ರೂಪಾಯಿ, ಅದೂ ಮುಂದಿನ ಟ್ರಿಪ್ಪಿನಲ್ಲಿ ಮುರಿದುಕೊಳ್ಳುವುದಂತೆ. ಬೇಡ ಅಂದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ.

ಹೋಗುವವರು ದಯವಿಟ್ಟು ಟೂರನ್ನು ಅಲ್ಲೇ ಹೋಗಿ ಬುಕ್ ಮಾಡಿ, ಹೋಟೆಲಿನಲ್ಲೇ ಸಿಗುತ್ತದೆ. ಇಲ್ಲಿಂದಲೇ ಮಾಡುವುದಾದರೆ ಎಲ್ಲವನ್ನೂ ಬರೆದುಕೊಡಿ ಅನ್ನಿ, ಬರೆದುಕೊಡದಿದ್ದರೆ ಒಂದು ರೂಪಾಯಿಯೂ ಕಟ್ಟಬೇಡಿ. ಪೂರ್ತಿ ದುಡ್ಡಂತೂ ಮೊದಲೇ ಕೊಡಲೇಬೇಡಿ. ವಾಪಸ್ ದೋಣಿಯ ಟಿಕೆಟನ್ನು ಸಾನೂರಿನಲ್ಲೇ ಕೇಳಿ ಇಸ್ಕೊಳ್ಳಿ, ಬೇರೆಯವರ ಕೈಯಲ್ಲಿ ಬಿಡಬೇಡಿ. ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಾನೆ ಅಂತ ನಂಬಬೇಡಿ, ನಾನು ನಂಬಿದ್ದು ಅದನ್ನೇ.

ಪಕ್ಕದ ಬ್ಲಾಕಿನ ಆ ಜೋಡಿಗೆ ನಿನ್ನೆ ಎಲ್ಲಾ ಹೇಳಿದೆ. ಅಡ್ವಾನ್ಸ್ ಇನ್ನೂ ಕೊಟ್ಟಿರಲಿಲ್ಲ.