ಬಿಳಿ ಹೋರಿ ಬೂದಿಯಾಯಿತು: ಎಕ್ಸ್‌ಪೋಷರ್‌ಗೆ ಮೂರು ದಾರಿ, ನನ್ನ ಓಟು ಒಂದಕ್ಕೆ

ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೇಕಾದ ಬೆಳಕು, ಹೊಂದಿಸಲು ನನ್ನ ಓಟು 'ಎಂ' (ಮ್ಯಾನುವಲ್) ಮೋಡ್ ಮತ್ತು ಆಟೋ ಐಎಸ್‌ಒ ಜೋಡಿಗೆ. ಶಟರ್ ಸ್ಪೀಡ್ (ಬೆಳಕು ಒಳಬರುವ ಸಮಯ) ನಾನು ಹೇಳಿದಷ್ಟು, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ನಾನು ಹೇಳಿದಷ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಲೆಕ್ಕ ಮಾತ್ರ ಕ್ಯಾಮೆರಾ ಮಾಡಿಕೊಳ್ಳಲಿ. ಈ ತೀರ್ಮಾನಕ್ಕೆ ಬರುವಷ್ಟರಲ್ಲಿ ಒಂದು ಕ್ಯಾಮೆರಾ ಕೊಂಡು, ವರ್ಷ ತುಂಬುವ ಮೊದಲೇ ಮಾರಿ, 9 ಸಾವಿರ ರೂಪಾಯಿ ಕೈಬಿಟ್ಟಿದ್ದೇನೆ.

ನಾನಿರುವುದು ಹುಬ್ಬಳ್ಳಿಯಲ್ಲಿ. ಫೋಟೋ ನನ್ನ ಹೊಟ್ಟೆಪಾಡಲ್ಲ, ಭಾನುವಾರದ ಹುಚ್ಚು. ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಬಾಡಿ, ಜೊತೆಗೆ ಎಫ್ 4ರ 70-200 ಜೂಮ್ ಲೆನ್ಸ್. ಎಫ್ ಎಂದರೆ ಅಪರ್ಚರ್ ಅಂಕಿ, ಅದು ಹೆಚ್ಚಿದಷ್ಟು ಕಿಂಡಿ ಕಿರಿದು. ಎಷ್ಟು ಮೆಗಾಪಿಕ್ಸೆಲ್ ಅನ್ನೋದೆಲ್ಲ ಬಿಡಿ, ಡಬ್ಬಿಯ ಮೇಲೇ ಬರೆದಿರುತ್ತದೆ. ನಾನು ಹೋಲಿಸಿ ನೋಡಿದ್ದು ಅದೇ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಮೂರು ದಾರಿಗಳನ್ನು. ಮೂರನ್ನೂ ನಾವೇ ಹೊಂದಿಸುವ ಪೂರ್ತಿ ಮ್ಯಾನುವಲ್ ಒಂದು. 'ಎ' ಅಥವಾ 'ಎವಿ' ಎಂದು ಬರೆದಿರುವ ಅಪರ್ಚರ್ ಪ್ರಯಾರಿಟಿ ಇನ್ನೊಂದು. ಮೂರನೆಯದು ಆಗಲೇ ಹೇಳಿದ ಜೋಡಿ.

'ಎ' ಮೋಡ್ ಸೋಮಾರಿಗಳ ಮೋಡ್ ಎಂದು ನಕ್ಕವರನ್ನು ನೋಡಿದ್ದೇನೆ. ಗದಗಿನ ಪಕ್ಕದ ಲಕ್ಕುಂಡಿಗೆ ಹೋದರೆ ನಾನೂ ಸೋಮಾರಿಯೇ. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಕುಸುರಿ ಎಲ್ಲಿಗೂ ಓಡಿಹೋಗುವುದಿಲ್ಲ. ಎಫ್ 8 ಇಟ್ಟರೆ ಮುಗಿಯಿತು, ಶಟರ್ ಎಷ್ಟು ಬೇಕೋ ಅಷ್ಟು ಕ್ಯಾಮೆರಾ ಹಾಕುತ್ತದೆ. ಕಲ್ಲು ಕಪ್ಪಗಿರುವುದರಿಂದ ಮೀಟರ್ (ಕ್ಯಾಮೆರಾದೊಳಗೆ ಬೆಳಕು ಅಳೆಯುವ ಸಾಧನ) ಅದನ್ನು ತಿಳಿಯಾಗಿಸಲು ನೋಡುತ್ತದೆ. ಮೀಟರ್ ಲೆಕ್ಕವನ್ನು ಏರಿಸಿ ಇಳಿಸುವ ಪ್ಲಸ್-ಮೈನಸ್ ಗುಂಡಿ ಒತ್ತಿ ಮೂರನೇ ಎರಡರಷ್ಟು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಇಳಿಸಿದರೆ ಕಲ್ಲು ಕಲ್ಲಿನ ಬಣ್ಣಕ್ಕೆ ಬರುತ್ತದೆ. ತೊಂದರೆ ಶುರುವಾಗುವುದು ಒಳಗೆ ಹೋದಾಗ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗಿನ ಕತ್ತಲಲ್ಲಿ ಶಟರ್ ಸದ್ದಿಲ್ಲದೆ 1/10 ಸೆಕೆಂಡಿಗೆ ಇಳಿದಿತ್ತು. ಮನೆಗೆ ಬಂದು ನೋಡಿದರೆ ಎಲ್ಲವೂ ಅಲುಗಾಡಿದ ಚಿತ್ರ. ಟ್ರೈಪಾಡ್ ಇಡೋಣ ಎಂದರೆ ಅನುಮತಿ ಬೇಕು.

ಪೂರ್ತಿ ಮ್ಯಾನುವಲ್ ನನಗೆ ಚೆನ್ನಾಗಿ ಒಗ್ಗಿದ್ದು ಬ್ಯಾಡಗಿಯಲ್ಲಿ. ಬಯಲಿನಲ್ಲಿ ಮೆಣಸಿನಕಾಯಿ ಒಣಹಾಕಿರುತ್ತಾರೆ, ನೆತ್ತಿಯ ಮೇಲೆ ಬಿಸಿಲು, ಬೆಳಕು ಗಂಟೆಗಟ್ಟಲೆ ಬದಲಾಗುವುದಿಲ್ಲ. ಒಮ್ಮೆ ಹೊಂದಿಸಿ ಮರೆತುಬಿಡಬಹುದು. ಒಂದು ಎಚ್ಚರ ಬೇಕು. ಸಾದಾ ಹಿಸ್ಟೋಗ್ರಾಂ (ಚಿತ್ರದ ಕತ್ತಲು-ಬೆಳಕಿನ ನಕ್ಷೆ) ಸರಿಯಾಗಿದೆ ಎಂದು ತೋರಿಸಿದರೂ ಕೆಂಪು ಚಾನೆಲ್ ಮಾತ್ರ ಬಲಗಡೆಯ ಗೋಡೆಗೆ ಬಡಿದಿರುತ್ತದೆ, ಅಂದರೆ ಕೆಂಪು ಮಿತಿ ಮೀರಿರುತ್ತದೆ. ಹಾಗಾದರೆ ಕಡ್ಡಿ ಮೆಣಸಿನಕಾಯಿಯ ಸುಕ್ಕೆಲ್ಲ ಅಳಿಸಿಹೋಗಿ ಪ್ಲಾಸ್ಟಿಕ್ ರಾಶಿಯಂತೆ ಕಾಣುತ್ತದೆ. ಮೂರೂ ಬಣ್ಣದ ಹಿಸ್ಟೋಗ್ರಾಂ ಹಾಕಿಕೊಂಡು, ಕೆಂಪು ಗೆರೆ ಒಳಗೆ ಬರುವವರೆಗೆ ಇಳಿಸಬೇಕು.

ಮದುವೆ ಮಂಟಪದಲ್ಲೂ ಮ್ಯಾನುವಲ್ಲೇ. ಎಲ್‌ಇಡಿ ದೀಪಗಳ ಕೆಳಗೆ ಅಡ್ಡ ಪಟ್ಟೆ ಬಂದರೆ ಶಟರ್ 1/100ಕ್ಕೆ ಇಳಿಸಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಮಿನುಗುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ.

ಇನ್ನು ನನ್ನ ದುಡ್ಡು ಹೋದ ಕಥೆ. ದೀಪಾವಳಿ ಮುಗಿದ ಮೇಲೆ ಹಾವೇರಿ ಕಡೆ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು, ಮೈಮೇಲೆ ಝೂಲಾ ಎಂಬ ಅಲಂಕಾರದ ಹೊದಿಕೆ. ಹೋರಿ ಎದುರಿಗೆ ಬಂದು ದಾಟಿಹೋಗುವುದು ನಾಲ್ಕೈದು ಸೆಕೆಂಡಿನ ಮಾತು. ಬೇವಿನ ಮರದ ನೆರಳಿನಿಂದ ಹೊರಟು ಬಿಸಿಲಿಗೆ ಬರುತ್ತದೆ. ಬಿಸಿಲಿಗೆ ನನ್ನ ಲೆಕ್ಕ ಎಫ್ 5.6, 1/1600, ಐಎಸ್‌ಒ 200. ಅದೇ ಮರದ ನೆರಳಿನಲ್ಲಿ ಮೂರು ಸ್ಟಾಪ್ ಕಡಿಮೆ, ಅಂದರೆ ಐಎಸ್‌ಒ 1600 ಬೇಕು. ಅಷ್ಟರಲ್ಲಿ ಯಾರು ಚಕ್ರ ತಿರುಗಿಸುತ್ತಾ ಕೂರುತ್ತಾರೆ? 'ಎಂ' ಇಟ್ಟು ಐಎಸ್‌ಒ ಆಟೋಗೆ ಬಿಟ್ಟೆ. ಓಟ ಚೂಪಾಗಿ ಸಿಕ್ಕಿತು, ಮಣ್ಣಿನ ಕಣ ಕೂಡ ನಿಂತಿತು.

ಆದರೆ ಹೋರಿ ಬೂದಿಯಾಗಿತ್ತು. ಹಾಲಿನಂಥ ಬಿಳಿ ಖಿಲಾರಿ ತಳಿಯ ಹೋರಿ ಫ್ರೇಮ್ ತುಂಬಾ ಬಂದಾಗ ಮೀಟರ್‌ಗೆ ಅದು ಬಿಳಿ ಹೋರಿ ಎಂದು ಗೊತ್ತಾಗುವುದಿಲ್ಲ. ಇಲ್ಲಿ ಬೆಳಕು ಜಾಸ್ತಿ ಎಂದುಕೊಳ್ಳುತ್ತದೆ. ಏನು ಕಂಡರೂ ಅದನ್ನು ನಡುವಣ ಬೂದು ಬಣ್ಣಕ್ಕೆ ಎಳೆಯುವುದೇ ಅದರ ಕೆಲಸ. 1600 ಬೇಕಾದಲ್ಲಿ 800 ಹಾಕಿತ್ತು. ನಾನು ಜೆಪೆಗ್ ಚಿತ್ರವನ್ನು ಅಲ್ಲೇ ಮೊಬೈಲಿಗೆ ಇಳಿಸಿ ಹೋರಿ ಮಾಲೀಕರಿಗೆ ವಾಟ್ಸಾಪ್ ಮಾಡುವವನು. ಒಬ್ಬರು ನೋಡಿದವರೇ ಕೇಳಿದರು: "ಅಣ್ಣಾರ, ನಮ್ಮ ಹೋರಿ ಬೆಳ್ಳಗೈತ್ರಿ. ಇದ್ಯಾಕ ಬೂದಿ ಬಡಕೊಂಡಂಗ ಕಾಣತೈತಿ?"

ಮದ್ದು ಗೊತ್ತಿತ್ತು. ಪ್ಲಸ್ ಒಂದು ಸ್ಟಾಪ್ ಹಾಕಬೇಕು, ಅಷ್ಟೇ. ಗುಂಡಿ ಒತ್ತಿ ಚಕ್ರ ತಿರುಗಿಸಿದೆ. ಏನೂ ಆಗಲಿಲ್ಲ. ಮೆನುವಿನಲ್ಲಿ ಹುಡುಕಿದೆ. ಆ ಸಾಲು ಇತ್ತು, ಆದರೆ ಮಂಕಾಗಿ, ಮುಟ್ಟಿದರೆ ತೆರೆಯದ ಹಾಗೆ. ಹೋರಿಯ ಜೊತೆ ಮೆನುವೂ ಬೂದಿ! ರಾತ್ರಿ ಕೂತು ಪುಸ್ತಿಕೆ ಓದಿದೆ. ನನ್ನ ಆ ಮಾಡೆಲ್‌ನಲ್ಲಿ 'ಎಂ' ಜೊತೆ ಆಟೋ ಐಎಸ್‌ಒ ಇದ್ದರೆ ಪ್ಲಸ್-ಮೈನಸ್ ಕೆಲಸವನ್ನೇ ಮಾಡುವುದಿಲ್ಲ. ಹಳೆಯ ಕೆಲವು ದುಬಾರಿ ಬಾಡಿಗಳಲ್ಲೂ ಇದೇ ಕೊರತೆ ಇದೆ. ಮಾರಿದವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಡ್ಡದಾರಿಗಳನ್ನೆಲ್ಲ ಹಿಡಿದು ನೋಡಿದೆ. ಸ್ಪಾಟ್ ಮೀಟರ್ ಹಾಕಿದರೆ ಅದು ಹೋರಿಯ ಬಿಳಿ ಮೈಯನ್ನಷ್ಟೇ ನೋಡಿ ಇನ್ನೂ ಕಪ್ಪು ಮಾಡಿತು. ಅಖಾಡದ ಮಣ್ಣಿನಿಂದ ಅಳತೆ ತೆಗೆದು, ಲಾಕ್ ಗುಂಡಿ ಒತ್ತಿಹಿಡಿದು, ಮತ್ತೆ ಹೋರಿಯ ಕಡೆ ತಿರುಗುವುದು ಇನ್ನೊಂದು ಉಪಾಯ. ತಿರುಗುವಷ್ಟರಲ್ಲಿ ಹೋರಿ ಮುಂದಿನ ಓಣಿಯಲ್ಲಿರುತ್ತಿತ್ತು. ಕೊನೆಗೆ ಶಟರ್ ಪ್ರಯಾರಿಟಿಗೆ ಹೋದೆ. ಅಲ್ಲಿ ಪ್ಲಸ್ ಒಂದು ಕೂತಿತು, ಹೋರಿಯೂ ಬೆಳ್ಳಗಾಯಿತು. ಆದರೆ ಅಪರ್ಚರ್ ತನ್ನ ಪಾಡಿಗೆ ಏರಿ ಇಳಿಯುತ್ತಿತ್ತು. ಬಿಸಿಲು ಬಂದಾಗ ಎಫ್ 8, ಕಿಂಡಿ ಕಿರಿದಾಗಿ ಹಿನ್ನೆಲೆಯೂ ಚೂಪು, ಹಿಂದಿನ ಗುಂಪಿನಲ್ಲಿ ಯಾರ ಮೀಸೆ ಎಷ್ಟು ಉದ್ದ ಎಂಬುದೂ ಸ್ಪಷ್ಟ. ಆ ವರ್ಷ ಹಾಗೇ ನೂಕಿದೆ.

ರಾ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ) ಚಿತ್ರ ತೆಗೆದು ಮನೆಯಲ್ಲಿ ಒಂದು ಸ್ಟಾಪ್ ಏರಿಸಿಕೊಳ್ಳಿ ಎನ್ನುವವರಿದ್ದಾರೆ. ಸರಿ, ಆಗುತ್ತದೆ. ಒಂದು ದಿನಕ್ಕೆ 1200 ಚಿತ್ರ ತೆಗೆದು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವವನಿಗೆ ಆ ಮಾತು ಹೇಳಬೇಡಿ.

ಈಗಿರುವುದು ಅದಕ್ಕಿಂತ ಒಂದು ತಲೆಮಾರು ಹೊಸ ಬಾಡಿ. ಅದೂ ಸೆಕೆಂಡ್ ಹ್ಯಾಂಡೇ. ಎಂ, 1/1600, ಎಫ್ 5.6, ಐಎಸ್‌ಒ ಆಟೋ, ಮಿತಿ 6400, ಬಿಳಿ ಹೋರಿಗೆ ಪ್ಲಸ್ ಒಂದು, ಕಪ್ಪು ಹೋರಿಗೆ ಮೈನಸ್ ಒಂದು. ಬಲಗೈ ಹೆಬ್ಬೆರಳಿಗೆ ಅದೊಂದೇ ಕೆಲಸ. ಹೊಸದರಲ್ಲೂ ಒಂದು ಕಿರಿಕಿರಿ ಇದೆ: ಹಿಂದಿನ ದಿನ ಹಾಕಿದ ಪ್ಲಸ್ ಹಾಗೇ ಉಳಿದಿರುತ್ತದೆ. ಸೊನ್ನೆಗೆ ತರುವುದನ್ನು ಮರೆತು ಉಣಕಲ್ ಕೆರೆಯ ಬೆಳಗನ್ನು ಒಮ್ಮೆ ಬಿಳಿ ಬಟ್ಟೆ ಮಾಡಿದ್ದೇನೆ.

ಗುಡಿ, ಕೆರೆ, ಮನೆಮಂದಿ ಇಷ್ಟೇ ನಿಮ್ಮ ವಿಷಯವಾಗಿದ್ದರೆ 'ಎ' ಸಾಕು, ಹಳೆಯ ಬಾಡಿಯಲ್ಲೇ ಇರಿ, ಉಳಿದ ದುಡ್ಡನ್ನು ಲೆನ್ಸಿಗೆ ಹಾಕಿ. ಸ್ಟುಡಿಯೋ, ಫ್ಲ್ಯಾಶ್ ಎಂದರೆ ಪೂರ್ತಿ ಮ್ಯಾನುವಲ್, ಬೇರೆ ಮಾತಿಲ್ಲ. ಓಡುವುದನ್ನು ಹಿಡಿಯುವ ಚಟ ಇದ್ದರೆ, ಬಜೆಟ್ ನನ್ನಷ್ಟೇ ಇದ್ದರೆ, ದುಡ್ಡು ಎಣಿಸಿ ಕೊಡುವ ಮೊದಲು ಅಂಗಡಿಯಲ್ಲೇ ಒಂದು ನಿಮಿಷ ನಿಲ್ಲಿ. 'ಎಂ' ಹಾಕಿ, ಐಎಸ್‌ಒ ಆಟೋ ಮಾಡಿ, ಎದುರಿನ ಗೋಡೆಗೆ ಹಿಡಿದು ಪ್ಲಸ್ ಒಂದು ಕೊಡಿ. 400 ಇದ್ದದ್ದು 800 ಆಗಬೇಕು. ಆಗದಿದ್ದರೆ ಚೌಕಾಸಿ ಶುರು ಮಾಡಿ.