ಕುಲ್ಲು ಶಾಲೋ ಕಿನ್ನೌರಿ ಶಾಲೋ?
ಹಿಮಾಚಲದ ಈ ಎರಡಕ್ಕೂ ಜಿಐ ಟ್ಯಾಗ್ (ಇದು ಆ ಜಾಗದ್ದೇ ಅನ್ನೋ ಭೌಗೋಳಿಕ ಗುರುತು) ಇದೆ, ಎರಡೂ ಕೈಮಗ್ಗದ ಉಣ್ಣೆ ಶಾಲೇ, ಅದಕ್ಕೇ ತುಂಬಾ ಜನ ಕನ್ಫ್ಯೂಸ್ ಆಗ್ತಾರೆ.

ಕುಲ್ಲು ಶಾಲಲ್ಲಿ ಮಧ್ಯಭಾಗ ಸಾಮಾನ್ಯವಾಗಿ ಪ್ಲೇನ್, ಎರಡೂ ತುದೀಲಿ ಮಾತ್ರ ಗಾಢ ಬಣ್ಣದ ಜ್ಯಾಮಿತಿ ಪಟ್ಟಿ, ಹಾಗಾಗಿ ಆಫೀಸಿಗೆ, ದಿನಾ ಹೊದ್ಕೊಳ್ಳೋಕೆ ಇದೇ ಸರಿ.

ಕಿನ್ನೌರಿ ಬೇರೇನೇ ಲೆವೆಲ್. ಡಿಸೈನ್ ತುಂಬಾ ಸೂಕ್ಷ್ಮ, ಒತ್ತೊತ್ತಾಗಿರತ್ತೆ, ಬೌದ್ಧ ಚಿಹ್ನೆಗಳು ಬರ್ತವೆ, ಬಣ್ಣಗಳನ್ನ ಪಂಚಭೂತಗಳಿಗೆ ಹೊಂದಿಸ್ತಾರೆ, ನೇಯೋಕೆ ಟೈಮ್ ಜಾಸ್ತಿ ಬೇಕು ಅದಕ್ಕೇ ರೇಟೂ ಜಾಸ್ತಿ. 2010ರಲ್ಲಿ ಇದಕ್ಕೆ ಜಿಐ ಸಿಕ್ತು. ಅಂದಹಾಗೆ ಕುಲ್ಲುವಿನ ಶಾಲು ಮೊದಲು ಪೂರ್ತಿ ಪ್ಲೇನೇ ಇತ್ತು, ಕಿನ್ನೌರ್ ಕಡೆ ಬುಶಹರ್‌ನಿಂದ ಬಂದ ನೇಕಾರರಿಂದ್ಲೇ ಅಲ್ಲಿಗೆ ಆ ಪಟ್ಟಿ ಡಿಸೈನ್ ಬಂದಿದ್ದು, ಅಂದ್ರೆ ಎರಡೂ ಸಂಬಂಧಿಕರೇ!

ಮದುವೆ ಗಿಫ್ಟಿಗೆ, ಜೋಪಾನವಾಗಿ ಇಟ್ಕೊಳ್ಳೋಕೆ ಆದ್ರೆ ನಾನಂತೂ ಕಿನ್ನೌರಿನೇ ತಗೊಳ್ಳಿ ಅಂತೀನಿ. ಒಂದು ಮಾತು, ಜಿಐ ಇದೆ ಅಂದ್ರೆ ಪಶ್ಮಿನಾ (ಮೇಕೆಯ ನಯವಾದ ಉಣ್ಣೆ) ಅಂತಲ್ಲ, ಮೆರಿನೋ ಕುರಿ ಉಣ್ಣೇನೋ ಅಂಗೋರಾ ಮೊಲದ ಉಣ್ಣೇನೋ ಅಂತ ಬೇರೆಯಾಗೇ ಕೇಳಿ, ಕೈಮಗ್ಗದ್ದು ಅನ್ನೋ ಲೇಬಲ್ಲೂ ನೋಡಿ, ಪವರ್‌ಲೂಮ್ ನಕಲಿಗಳಿಂದ ನೇಕಾರರ ಹೊಟ್ಟೆ ಮೇಲೆ ಹೊಡೆತ ಬೀಳ್ತಿದೆ.